ಆ್ಯಪ್ ಯಾರದು, ಆ್ಯಪ್ ಏನು ಮಾಡುತ್ತದೆ

ಈಚೆಗೆ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಸರ್ಕಾರಿ ಕಚೇರಿಯೊಂದರ ಸುತ್ತೋಲೆ ಬಂತು. ಮೇಲೆ ಲಾಂಛನ, ಕೆಳಗೆ ಹಸಿರು ಶಾಯಿಯ ಸಹಿ, ಸಹಿಯ ಮೇಲೆ ಅರ್ಧ ಹತ್ತಿ ಕುಳಿತ ದುಂಡು ಮೊಹರು. ನೀರಿನ ಬಾಕಿ ಕಟ್ಟಲು ಕೊನೆಯ ದಿನ ಯಾವುದು ಎಂಬುದಷ್ಟೇ ವಿಷಯ. ಹಾಳೆಯ ತೀರಾ ಕೆಳಗಿನ ಮೂಲೆಯಲ್ಲಿ, ಯಾರೂ ಓದುವ ಗೋಜಿಗೆ ಹೋಗದಷ್ಟು ಸಣ್ಣ ಅಕ್ಷರದಲ್ಲಿ, ‘ಸ್ಕ್ಯಾನ್ಡ್ ವಿತ್ ಕ್ಯಾಮ್‌ಸ್ಕ್ಯಾನರ್’ ಎಂದಿತ್ತು. ಬಾಕಿಯ ಬಡ್ಡಿ ಮನ್ನಾ ಆಗುತ್ತದೆಯೇ ಎಂಬ ಚರ್ಚೆ ಗುಂಪಿನಲ್ಲಿ ಸಂಜೆಯವರೆಗೂ ನಡೆಯಿತು. ಮೂಲೆಯ ಅಕ್ಷರಗಳ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ.

ಫೋನಿನ ಕ್ಯಾಮೆರಾದಿಂದ ಕಾಗದವನ್ನು ಸ್ಕ್ಯಾನ್ ಮಾಡಿಕೊಡುವ, ಶಾಂಘೈ ಮೂಲದ ಕ್ಯಾಮ್‌ಸ್ಕ್ಯಾನರ್, ಭಾರತ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಒಂದು. ದೇಶದ ಸಾರ್ವಭೌಮತೆಗೆ, ರಕ್ಷಣೆಗೆ, ಸಾರ್ವಜನಿಕ ಸುವ್ಯವಸ್ಥೆಗೆ ಅದರಿಂದ ಧಕ್ಕೆ ಎಂದು ಅಂದಿನ ಪ್ರಕಟಣೆ ಹೇಳಿತ್ತು. ಅಂಥ ಆ್ಯಪ್‌ನ ಮುದ್ರೆ ಸರ್ಕಾರದ್ದೇ ಮೊಹರಿನ ಎರಡು ಅಂಗುಲ ಕೆಳಗೆ ನೆಮ್ಮದಿಯಾಗಿ ಕುಳಿತಿತ್ತು. ಆ ಗುಮಾಸ್ತರನ್ನು ದೂರಿ ಪ್ರಯೋಜನವಿಲ್ಲ. ಹಳೆಯ ಫೋನಿನಲ್ಲಿ ಆ್ಯಪ್ ಉಳಿದಿತ್ತು, ಕೆಲಸ ಮಾಡುತ್ತಿತ್ತು, ಅವರು ಬಳಸಿದರು. ಅದನ್ನು ಬಳಸಿದರೆ ಏನಾಗುತ್ತದೆ ಎಂದು ಈ ವರ್ಷಗಳಲ್ಲಿ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ನಮಗೂ ಹೇಳಿಲ್ಲ.

ಆ ಜೂನ್ ತಿಂಗಳು ನೆನಪಿರುವವರಿಗೆ ಹಿನ್ನೆಲೆ ವಿವರಿಸಬೇಕಿಲ್ಲ. ಗಾಲ್ವನ್ ಕಣಿವೆಯಲ್ಲಿ ಚೀನಾ ಸೈನಿಕರೊಂದಿಗಿನ ಘರ್ಷಣೆಯಲ್ಲಿ 20 ಭಾರತೀಯ ಯೋಧರು ಹುತಾತ್ಮರಾಗಿ ಎರಡು ವಾರವಾಗಿತ್ತು. ದೇಶ ಕುದಿಯುತ್ತಿತ್ತು. ಟಿಕ್‌ಟಾಕ್, ಶೇರ್‌ಇಟ್, ಯುಸಿ ಬ್ರೌಸರ್, ವಿಚಾಟ್, ಹೆಲೊ, ಕ್ಲಬ್ ಫ್ಯಾಕ್ಟರಿ, ಶೀನ್ ಇವೆಲ್ಲ ಒಂದೇ ಪಟ್ಟಿಯಲ್ಲಿ ಹೋದವು. ಸೆಪ್ಟೆಂಬರ್ 2ರಂದು ಪಬ್‌ಜಿ ಸೇರಿ ಇನ್ನೂ 118, ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ ಸೇರಿ 43. ಟಿಕ್‌ಟಾಕ್‌ಗೆ ಆಗ ಭಾರತದಲ್ಲಿ ಸುಮಾರು 20 ಕೋಟಿ ಬಳಕೆದಾರರಿದ್ದರು. ಅದು ಹೋಯಿತೆಂದು ಒಳಗೊಳಗೇ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಕಾರಣ ದೇಶಭಕ್ತಿಗಿಂತ ಹೆಚ್ಚಾಗಿ ಹಿಂದಿನ ಮನೆಯ ಹುಡುಗನ ತಾರಸಿ ನೃತ್ಯ. ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಒಂಬತ್ತನೇ ದಿನಕ್ಕೆ ಇನ್‌ಸ್ಟಾಗ್ರಾಂ ‘ರೀಲ್ಸ್’ ಭಾರತಕ್ಕೆ ಬಂತು, ಹುಡುಗ ಅಲ್ಲಿಗೆ ಹೋದ.

ನಿಷೇಧ ಎಂಬ ಪದ ಕೇಳಲು ಗಟ್ಟಿಯಾಗಿದೆ. ತಾಂತ್ರಿಕವಾಗಿ ನಡೆಯುವುದು ಇಷ್ಟು: ಗೂಗಲ್ ಮತ್ತು ಆ್ಯಪಲ್ ತಮ್ಮ ಮಳಿಗೆಯಿಂದ ಆ್ಯಪನ್ನು ತೆಗೆಯುತ್ತವೆ, ಜಿಯೊ, ಏರ್‌ಟೆಲ್‌ನಂತಹ ಕಂಪನಿಗಳು ಆ ಆ್ಯಪ್ ಸಂಪರ್ಕಿಸುವ ವಿಳಾಸಗಳನ್ನು ತಮ್ಮ ಜಾಲದಲ್ಲಿ ತಡೆಯುತ್ತವೆ. ಟಿಕ್‌ಟಾಕ್‌ನಂತಹ, ಪ್ರತಿ ಕ್ಷಣವೂ ಸರ್ವರ್‌ನಿಂದ ವಿಡಿಯೊ ತರಬೇಕಾದ ಆ್ಯಪ್‌ಗೆ ಇದು ಮರಣದಂಡನೆ. ಫೋನಿನೊಳಗೇ ಕೆಲಸ ಮುಗಿಸುವ ಆ್ಯಪ್‌ಗೆ ಅಲ್ಲ. ಎರಡು ಫೋನುಗಳ ನಡುವೆ ನೇರವಾಗಿ ಕಡತ ದಾಟಿಸುವ ಶೇರ್‌ಇಟ್‌ಗೆ ಇಂಟರ್‌ನೆಟ್ಟೇ ಬೇಡ. ಕ್ಯಾಮ್‌ಸ್ಕ್ಯಾನರ್ ಹಾಳೆಯ ಅಂಚನ್ನು ಕತ್ತರಿಸಿ ನೆರಳು ತೆಗೆಯುವುದಕ್ಕೂ ಬೇಡ. ಬಾಗಿಲು ಮುಚ್ಚಿದ್ದು ಹೊಸದಾಗಿ ಬರುವವರಿಗೆ. ಒಳಗಿದ್ದವರು ಒಳಗೇ ಇದ್ದರು. ಇನ್ನೊಂದು ಎಡವಟ್ಟೂ ಇದರಲ್ಲಿದೆ. ಮಳಿಗೆಯಿಂದ ತೆಗೆದ ಆ್ಯಪ್‌ಗೆ ಅಲ್ಲಿಂದ ಸುರಕ್ಷತಾ ಪರಿಷ್ಕರಣೆಗಳೂ ಬರುವುದಿಲ್ಲ. ದೋಷವಿದ್ದರೆ ಆ ದೋಷ ಶಾಶ್ವತ.

ಹಾಗೆಂದ ಮಾತ್ರಕ್ಕೆ ಆತಂಕವೆಲ್ಲ ಪೊಳ್ಳು ಎನ್ನುವಂತಿಲ್ಲ. ಚೀನಾದಲ್ಲಿ 2017ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಗುಪ್ತಚರ ಕಾಯ್ದೆಯ 7ನೇ ವಿಧಿ, ಅಲ್ಲಿನ ಎಲ್ಲ ಸಂಸ್ಥೆಗಳೂ ನಾಗರಿಕರೂ ಸರ್ಕಾರದ ಗುಪ್ತಚರ ಕೆಲಸಕ್ಕೆ ಸಹಕರಿಸಬೇಕೆಂದು ಹೇಳುತ್ತದೆ. ಕಂಪನಿಯ ಆಡಳಿತ ಎಷ್ಟೇ ಒಳ್ಳೆಯದಿರಲಿ, ಬೀಜಿಂಗ್‌ನಿಂದ ಕರೆ ಬಂದರೆ ‘ಆಗುವುದಿಲ್ಲ’ ಎನ್ನಲು ಅದಕ್ಕೆ ನಂಬಬಹುದಾದ ನ್ಯಾಯಾಲಯವಿಲ್ಲ. ಟಿಕ್‌ಟಾಕ್‌ನ ಮಾತೃಸಂಸ್ಥೆ ಬೈಟ್‌ಡ್ಯಾನ್ಸ್ 2022ರ ಡಿಸೆಂಬರ್‌ನಲ್ಲಿ ಒಂದು ಸಂಗತಿಯನ್ನು ತಾನೇ ಒಪ್ಪಿಕೊಂಡಿತು: ಕಂಪನಿಯ ಒಳಗಿನ ಸುದ್ದಿ ಪತ್ರಿಕೆಗಳಿಗೆ ಸೋರುತ್ತಿರುವುದು ಯಾರಿಂದ ಎಂದು ಹುಡುಕುವ ಭರದಲ್ಲಿ ಅದರ ಸಿಬ್ಬಂದಿ ಪತ್ರಕರ್ತರ ಟಿಕ್‌ಟಾಕ್ ದತ್ತಾಂಶವನ್ನು ತೆರೆದು ನೋಡಿದ್ದರು. ಆ ಪತ್ರಕರ್ತರು ಎಲ್ಲಿದ್ದರು, ಕಂಪನಿಯ ನೌಕರರ ಹತ್ತಿರ ಸುಳಿದಿದ್ದರೇ ಎಂದು ಪತ್ತೆ ಹಚ್ಚುವುದು ಉದ್ದೇಶ. ಒಂದು ಕಂಪನಿ ತನ್ನ ಸಿಟ್ಟಿಗೇ ಇಷ್ಟು ಮಾಡಬಲ್ಲದಾದರೆ ಸರ್ಕಾರವೊಂದು ಕೇಳಿದಾಗ ಏನು ಮಾಡೀತು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

59ರ ಪಟ್ಟಿಯಲ್ಲಿದ್ದ ಬೇರೆ ಕೆಲವು ಆ್ಯಪ್‌ಗಳ ಜಾತಕವೂ ಚೆನ್ನಾಗಿರಲಿಲ್ಲ. ಯುಸಿ ಬ್ರೌಸರ್ ಬಳಕೆದಾರರ ಸ್ಥಳ, ಫೋನಿನ ಗುರುತಿನ ಸಂಖ್ಯೆ, ಹುಡುಕಿದ ಪದಗಳನ್ನು ಸರಿಯಾದ ಗೂಢಲಿಪೀಕರಣವಿಲ್ಲದೆ ಕಳುಹಿಸುತ್ತಿದೆ ಎಂದು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2015ರಲ್ಲೇ ತೋರಿಸಿತ್ತು. ಅಂದರೆ ದಾರಿಯಲ್ಲಿ ಕುಳಿತ ಯಾರು ಬೇಕಾದರೂ ಅದನ್ನು ಓದಬಹುದಿತ್ತು. ಕ್ಯಾಮ್‌ಸ್ಕ್ಯಾನರ್‌ನ ಜಾಹೀರಾತು ಭಾಗದಲ್ಲಿ ಕುತಂತ್ರಾಂಶ ಸೇರಿಕೊಂಡಿರುವುದನ್ನು 2019ರ ಆಗಸ್ಟ್‌ನಲ್ಲಿ ಕ್ಯಾಸ್ಪರ್‌ಸ್ಕಿ ಪತ್ತೆ ಮಾಡಿದಾಗ ಗೂಗಲ್ ಅದನ್ನು ಕೆಲಕಾಲ ಮಳಿಗೆಯಿಂದ ಇಳಿಸಿತ್ತು. (ಕ್ಯಾಸ್ಪರ್‌ಸ್ಕಿ ರಷ್ಯಾದ ಕಂಪನಿ. ಅದರ ಆ್ಯಂಟಿವೈರಸ್ಸನ್ನು ಅಮೆರಿಕ 2024ರಲ್ಲಿ ರಾಷ್ಟ್ರೀಯ ಭದ್ರತೆಯ ಕಾರಣ ನೀಡಿ ನಿಷೇಧಿಸಿತು. ಕಳ್ಳನನ್ನು ಹಿಡಿದುಕೊಟ್ಟವನೂ ಅನುಮಾನದ ಪಟ್ಟಿಗೆ ಸೇರುವುದು ಈ ಕ್ಷೇತ್ರದ ಸೊಗಸು.)

ಆದರೆ ಇದೇ ಪುರಾವೆಗಳನ್ನು ಇನ್ನೊಂದು ಬದಿಯಿಂದ ನೋಡಿದರೆ ಚಿತ್ರ ಬದಲಾಗುತ್ತದೆ. ನೀವು ಪಾಸ್‌ವರ್ಡನ್ನೋ ಒಟಿಪಿಯನ್ನೋ ನಕಲು ಮಾಡಿದಾಗ ಅದು ಕ್ಷಣಕಾಲ ಕುಳಿತುಕೊಳ್ಳುವ ಜಾಗಕ್ಕೆ ಕ್ಲಿಪ್‌ಬೋರ್ಡ್ ಎನ್ನುತ್ತಾರೆ. ಟಿಕ್‌ಟಾಕ್ ಆ ಜಾಗವನ್ನು ಇಣುಕಿ ನೋಡುತ್ತಿದೆ ಎಂಬುದು 2020ರ ಮಾರ್ಚ್‌ನಲ್ಲಿ ಬಯಲಾಯಿತು. ಅದನ್ನು ಕಂಡುಹಿಡಿದ ಇಬ್ಬರು ಸಂಶೋಧಕರ ಪಟ್ಟಿಯಲ್ಲಿ ಟಿಕ್‌ಟಾಕ್ ಜೊತೆಗೆ ಅಮೆರಿಕದ ಹೆಸರಾಂತ ಪತ್ರಿಕೆಗಳ ಆ್ಯಪ್‌ಗಳೂ ಇದ್ದವು. ಅದೇ ಸಿಟಿಜನ್ ಲ್ಯಾಬ್ 2021ರಲ್ಲಿ ಟಿಕ್‌ಟಾಕನ್ನು ಬಿಚ್ಚಿ ನೋಡಿ, ಇದರ ದತ್ತಾಂಶ ಸಂಗ್ರಹ ಇತರ ಸಾಮಾಜಿಕ ಜಾಲತಾಣಗಳದ್ದಕ್ಕಿಂತ ತೀರಾ ಬೇರೆಯೇನಲ್ಲ ಎಂದಿತು. ಅದನ್ನು ಟಿಕ್‌ಟಾಕ್ ಪರವಾದ ಮಾತು ಎಂದು ಓದಬಹುದು; ಉಳಿದೆಲ್ಲವುಗಳ ವಿರುದ್ಧದ ಮಾತು ಎಂದು ನಾನು ಓದುತ್ತೇನೆ. ಫೇಸ್‌ಬುಕ್ ಬಳಕೆದಾರರ ಮಾಹಿತಿಯನ್ನು ಚುನಾವಣಾ ಪ್ರಚಾರಕ್ಕೆ ಬಳಸಿದ ಕೇಂಬ್ರಿಜ್ ಅನಲಿಟಿಕಾ ಹಗರಣದಲ್ಲಿ ಸುಮಾರು 5.62 ಲಕ್ಷ ಭಾರತೀಯರ ಮಾಹಿತಿ ಸೋರಿರಬಹುದೆಂದು ಫೇಸ್‌ಬುಕ್ಕೇ 2018ರಲ್ಲಿ ಹೇಳಿತ್ತು. ಅದೇ ವರ್ಷ, ಓಡುವವರು ತಮ್ಮ ಓಟವನ್ನು ದಾಖಲಿಸುವ ಸ್ಟ್ರಾವಾ ಎಂಬ ಅಮೆರಿಕದ ಆ್ಯಪ್ ಪ್ರಕಟಿಸಿದ್ದ ವಿಶ್ವನಕ್ಷೆಯಲ್ಲಿ, ಕತ್ತಲೆಯಾಗಿರಬೇಕಿದ್ದ ಸಿರಿಯಾ, ಅಫ್ಗಾನಿಸ್ತಾನದ ಮರುಭೂಮಿಗಳಲ್ಲಿ ಸಣ್ಣ ಸಣ್ಣ ಬೆಳಕಿನ ಸುತ್ತುಗಳು ಕಂಡವು. ಅವು ಅಮೆರಿಕದ ಸೈನಿಕರು ತಮ್ಮ ಶಿಬಿರಗಳ ಒಳಗೆ ಬೆಳಿಗ್ಗೆ ಓಡಿದ ಜಾಡುಗಳು. ಅಮೆರಿಕದ್ದೇ ಆ್ಯಪ್, ಅಮೆರಿಕದ್ದೇ ಸೇನೆ, ಬಯಲಾದದ್ದು ಅಮೆರಿಕದ್ದೇ ನೆಲೆ. ಅದರಲ್ಲಿ ಬೀಜಿಂಗ್‌ನ ಕೈಯೇ ಇರಲಿಲ್ಲ.

ಇಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಆ್ಯಪ್ ಯಾರದು ಎಂಬುದು ಒಂದು. ಆ್ಯಪ್ ಏನು ಮಾಡುತ್ತದೆ ಎಂಬುದು ಇನ್ನೊಂದು. ಸರ್ಕಾರಗಳಿಗೆ ಮೊದಲನೆಯದು ಇಷ್ಟ. ಉತ್ತರ ಸುಲಭ, ಜನರಿಗೆ ಥಟ್ಟನೆ ಅರ್ಥವಾಗುತ್ತದೆ, ಒಂದು ರಾತ್ರಿಯಲ್ಲಿ ಕೆಲಸ ಮುಗಿಯುತ್ತದೆ. ಎರಡನೆಯದಕ್ಕೆ ಪರೀಕ್ಷೆ ಬೇಕು, ನಿಯಮ ಬೇಕು, ಆ ನಿಯಮ ನಮ್ಮವರಿಗೂ ಅನ್ವಯಿಸುತ್ತದೆ ಎಂಬ ಇರುಸುಮುರುಸು ಬೇರೆ.

ಮೊದಲನೆಯ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವ ವಿಧಾನ ಹೇಗಿದೆ ನೋಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 69ಎ ಪ್ರಕಾರ, ದೇಶದ ಭದ್ರತೆ ಮುಂತಾದ ಕೆಲವು ನಿರ್ದಿಷ್ಟ ಕಾರಣಗಳಿಗೆ ಕೇಂದ್ರ ಸರ್ಕಾರ ಅಂತರ್ಜಾಲದ ಯಾವುದೇ ಮಾಹಿತಿಯನ್ನು ತಡೆಯಬಹುದು. ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಆದೇಶ ಪಾಲಿಸದ ಕಂಪನಿಯವರಿಗೆ ಏಳು ವರ್ಷದವರೆಗೆ ಜೈಲು. ಇದರಡಿ 2009ರಲ್ಲಿ ರೂಪಿಸಿದ ನಿಯಮಗಳಲ್ಲಿ ಎರಡು ಮುಖ್ಯ. 9ನೇ ನಿಯಮ ತುರ್ತು ಸಂದರ್ಭದ್ದು: ಮೊದಲು ತಡೆದು, 48 ಗಂಟೆಯೊಳಗೆ ಇಂಥ ಕೋರಿಕೆಗಳನ್ನು ಪರಿಶೀಲಿಸುವ ಸರ್ಕಾರಿ ಸಮಿತಿಯ ಮುಂದಿಟ್ಟರೆ ಸಾಕು. 16ನೇ ನಿಯಮ ಗೋಪ್ಯತೆಯದ್ದು: ಬಂದ ದೂರುಗಳನ್ನೂ ಅವುಗಳ ಮೇಲೆ ಕೈಗೊಂಡ ಕ್ರಮವನ್ನೂ ಕಟ್ಟುನಿಟ್ಟಾಗಿ ಗುಟ್ಟಾಗಿ ಇಡಬೇಕು. ಎರಡನ್ನೂ ಕೂಡಿಸಿ ಓದಿದರೆ, ಕಾರಣ ಬರೆದಿಡಲೇಬೇಕು, ಆದರೆ ಅದನ್ನು ಯಾರಿಗೂ ತೋರಿಸಬೇಕಿಲ್ಲ. 59 ಆ್ಯಪ್‌ಗಳ ವಿಷಯದಲ್ಲಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು ಒಂದು ಪತ್ರಿಕಾ ಪ್ರಕಟಣೆ ಮತ್ತು ಹೆಸರುಗಳ ಪಟ್ಟಿ. ಯಾವ ಆ್ಯಪ್ ಏನು ತಪ್ಪು ಮಾಡಿತು ಎಂಬುದು ಅದರಲ್ಲಿರಲಿಲ್ಲ. ಯುಸಿ ಬ್ರೌಸರ್‌ಗೂ ಬಟ್ಟೆ ಮಾರುವ ಶೀನ್‌ಗೂ ಒಂದೇ ವಾಕ್ಯ.

ಈ ನಿಯಮಗಳು ಸಂವಿಧಾನಬದ್ಧ ಎಂದು 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರಣ ಲಿಖಿತವಾಗಿರುತ್ತದೆ, ಹಾಗಾಗಿ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂಬುದು ಆ ತೀರ್ಪಿನ ಒಂದು ಆಧಾರ. ಆದರೆ ಕಣ್ಣಿಗೇ ಬೀಳದ ಕಾಗದವನ್ನು ಪ್ರಶ್ನಿಸುವುದು ಹೇಗೆ? ಪ್ರಶ್ನಿಸಲು ಹೋದ ದೊಡ್ಡ ಕಂಪನಿಯ ಗತಿ ಏನಾಯಿತು ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಖಾತೆಗಳನ್ನೂ ಟ್ವೀಟುಗಳನ್ನೂ ತಡೆಯಲು ಬಂದ ಆದೇಶಗಳ ವಿರುದ್ಧ ಟ್ವಿಟರ್ 2022ರಲ್ಲಿ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿತು. ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ 2023ರ ಜೂನ್ 30ರಂದು ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. 2025ರ ಫೆಬ್ರುವರಿಯಲ್ಲಿ 119 ಆ್ಯಪ್‌ಗಳನ್ನು ತಡೆಯಲು ಆದೇಶ ಹೋಗಿರುವ ಸುದ್ದಿ ಹೊರಬಿದ್ದದ್ದು ಸರ್ಕಾರದಿಂದಲ್ಲ. ತೆಗೆದುಹಾಕುವ ಕೋರಿಕೆಗಳನ್ನು ಕೂಡಿಡುವ ಲುಮೆನ್ ಎಂಬ ಅಮೆರಿಕದ ದತ್ತಸಂಚಯದಿಂದ. ನಮ್ಮ ಸರ್ಕಾರ ನಮ್ಮ ಸುರಕ್ಷತೆಗೆಂದು ಏನು ಮಾಡಿತು ಎಂದು ತಿಳಿಯಲು ವಿದೇಶಿ ಜಾಲತಾಣವನ್ನು ನೋಡಬೇಕಾದ ಸ್ಥಿತಿ.

ಗುಪ್ತಚರ ಮಾಹಿತಿಯನ್ನೆಲ್ಲ ಬೀದಿಗಿಡಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ಇಡಬೇಕಿಲ್ಲ. ಈ ಆ್ಯಪ್ ಇಂಥ ಮಾಹಿತಿಯನ್ನು ಅನುಮತಿಯಿಲ್ಲದೆ ಇಂಥ ದೇಶಕ್ಕೆ ಕಳುಹಿಸುತ್ತಿತ್ತು ಎಂಬ ಒಂದು ಸಾಲು ಸಾಕು. ಬೆಂಗಳೂರಿನಲ್ಲೇ ಆ್ಯಪ್ ಕಟ್ಟುವ ಸಾವಿರಾರು ಮಂದಿಗೆ ಅದೇ ಪಾಠವಾಗುತ್ತಿತ್ತು. ಈಗ ಅವರಿಗೆ ಸಿಕ್ಕಿರುವ ಪಾಠವೆಂದರೆ, ಚೀನಾದ ಹಣ ಇರಬಾರದು.

ಅಮೆರಿಕದಲ್ಲಿ ಇದೇ ಕೆಲಸಕ್ಕೆ ಐದೂವರೆ ವರ್ಷ ಹಿಡಿಯಿತು. ಡೊನಾಲ್ಡ್ ಟ್ರಂಪ್ 2020ರ ಆಗಸ್ಟ್‌ನಲ್ಲಿ ಟಿಕ್‌ಟಾಕ್ ಮತ್ತು ವಿಚಾಟ್ ವಿರುದ್ಧ ಆದೇಶ ಹೊರಡಿಸಿದರು. ನ್ಯಾಯಾಲಯಗಳು ತಡೆ ನೀಡಿದವು. ಜೋ ಬೈಡನ್ ಬಂದು ಆದೇಶ ಹಿಂಪಡೆದರು. ಮೊಂಟಾನಾ ರಾಜ್ಯ 2023ರಲ್ಲಿ ತಾನೇ ನಿಷೇಧ ಹೇರಲು ಹೋಗಿ ಫೆಡರಲ್ ನ್ಯಾಯಾಲಯದಲ್ಲಿ ಮುಗ್ಗರಿಸಿತು. ಕೊನೆಗೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಿತು, 2024ರ ಏಪ್ರಿಲ್ 24ರಂದು ಬೈಡನ್ ಸಹಿ ಹಾಕಿದರು. ಮಾರಿ, ಇಲ್ಲವೇ ಹೊರಡಿ ಎಂಬುದು ಅದರ ತಿರುಳು. ಗಡುವು 2025ರ ಜನವರಿ 19. ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಕಂಪನಿ ಹೂಡಿದ ದಾವೆಯನ್ನು ಗಡುವಿಗೆ ಎರಡು ದಿನ ಮುಂಚೆ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ತಳ್ಳಿಹಾಕಿತು. 17 ಕೋಟಿ ಅಮೆರಿಕನ್ನರ ದತ್ತಾಂಶ ಎದುರಾಳಿ ದೇಶದ ಕೈಗೆ ಸಿಗಬಹುದೆಂಬ ಕಾರಣವೊಂದೇ ಸಾಕು ಎಂದಿತು.

ಆ ತೀರ್ಪಿನಲ್ಲಿ ನ್ಯಾಯಮೂರ್ತಿ ನೀಲ್ ಗೊರ್ಸಚ್ ಪ್ರತ್ಯೇಕವಾಗಿ ಬರೆದ ಒಂದು ಮಾತು ನಮ್ಮ 16ನೇ ನಿಯಮದ ಪಕ್ಕದಲ್ಲಿಟ್ಟು ಓದಬೇಕಾದದ್ದು. ಸರ್ಕಾರ ಗುಪ್ತ ದಾಖಲೆಗಳನ್ನು ನ್ಯಾಯಾಧೀಶರಿಗೆ ಮಾತ್ರ ತೋರಿಸಲು ಮುಂದಾಗಿತ್ತು, ಟಿಕ್‌ಟಾಕ್‌ಗಾಗಲಿ ಅದರ ವಕೀಲರಿಗಾಗಲಿ ಅಲ್ಲ. ಅವನ್ನು ನ್ಯಾಯಾಲಯ ಪರಿಗಣಿಸದೇ ಇದ್ದದ್ದು ತನಗೆ ಸಂತೋಷ ತಂದಿದೆ ಎಂದರು ಗೊರ್ಸಚ್. ತೀರ್ಪು ಕೊನೆಗೆ ಸರ್ಕಾರದ ಕಡೆಗೇ ಹೋಯಿತು. ಆದರೆ ಎರಡೂ ಕಡೆಯವರು ನೋಡಿದ ಕಾಗದಗಳ ಮೇಲೆ ಹೋಯಿತು.

ಇದನ್ನು ಹೊಗಳಿ ಮುಗಿಸೋಣವೆಂದರೆ ಮುಂದಿನದು ಬಿಡುವುದಿಲ್ಲ. ಜನವರಿ 18ರ ರಾತ್ರಿ ಕತ್ತಲಾದ ಟಿಕ್‌ಟಾಕ್ ಮರುದಿನವೇ ಬೆಳಗಿತು. ಮತ್ತೆ ಅಧಿಕಾರಕ್ಕೆ ಬಂದ ಟ್ರಂಪ್, ಕೋರ್ಟು ಎತ್ತಿಹಿಡಿದ ಕಾನೂನನ್ನು ಜಾರಿ ಮಾಡದಂತೆ ಮೊದಲು 75 ದಿನ, ಆಮೇಲೆ ಇನ್ನಷ್ಟು, ಮತ್ತಷ್ಟು ಎಂದು ಒಂದು ವರ್ಷ ತಳ್ಳಿದರು. ಆ ನಡುವೆ 2025ರ ಆಗಸ್ಟ್‌ನಲ್ಲಿ ಶ್ವೇತಭವನವೇ ಟಿಕ್‌ಟಾಕ್ ಖಾತೆ ತೆರೆಯಿತು. ದೇಶದ ಭದ್ರತೆಗೆ ಅಷ್ಟೊಂದು ಅಪಾಯವಾಗಿದ್ದ ಆ್ಯಪ್ ಒಂದು ವರ್ಷ ಕಾಯಬಹುದಿತ್ತೇ? 2026ರ ಜನವರಿಯಲ್ಲಿ ಹೊಸ ಜಂಟಿ ಕಂಪನಿ ರೂಪುಗೊಂಡಿತು. ಒರಾಕಲ್, ಸಿಲ್ವರ್ ಲೇಕ್ ಮತ್ತು ಅಬುಧಾಬಿಯ ಎಂಜಿಎಕ್ಸ್ ತಲಾ ಶೇ 15 ಪಾಲು ಪಡೆದವು. ಬೈಟ್‌ಡ್ಯಾನ್ಸ್ ಕೈಯಲ್ಲಿ ಉಳಿದದ್ದು ಶೇ 19.9. ಈ ಕೊನೆಯ ಅಂಕಿ ಎಲ್ಲಿಂದ ಬಂತೆಂದರೆ, ಎದುರಾಳಿ ದೇಶದವರ ಪಾಲು ಶೇ 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಕಾನೂನು ತಡೆಯುತ್ತದೆ. ಕಾನೂನಿನ ಹೊಸ್ತಿಲಿಗೆ ಕೂದಲೆಳೆಯಷ್ಟು ಈಚೆ ನಿಲ್ಲುವಂತೆ ಹೊಲಿದ ಅಂಗಿ ಇದು.

ಆ್ಯಪ್ ಯಾರದು ಎಂಬ ಪ್ರಶ್ನೆಗೆ ಉತ್ತರ ಸುಲಭ ಎಂದೆ. ಅದೂ ಪೂರ್ತಿ ನಿಜವಲ್ಲ. ಪಬ್‌ಜಿ ದಕ್ಷಿಣ ಕೊರಿಯಾದ ಆಟ. ಭಾರತದಲ್ಲಿ ಅದನ್ನು ನಡೆಸುತ್ತಿದ್ದ ಟೆನ್ಸೆಂಟ್ ಮಾತ್ರ ಚೀನಾದ್ದು. ನಿಷೇಧದ ಬಳಿಕ ಕೊರಿಯಾದ ಕ್ರಾಫ್ಟನ್ ತಾನೇ 2021ರ ಜುಲೈನಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಅದೇ ಆಟವನ್ನು ತಂದಿತು. ಒಂದು ವರ್ಷದ ಮೇಲೆ ಅದೂ ಮಳಿಗೆಯಿಂದ ಮಾಯವಾಯಿತು. 2023ರ ಮೇ ತಿಂಗಳಲ್ಲಿ ಮೂರು ತಿಂಗಳ ಪರೀಕ್ಷಾರ್ಥ ಒಪ್ಪಿಗೆಯೊಂದಿಗೆ ಮರಳಿತು. 2022ರ ಫೆಬ್ರುವರಿಯ ನಿಷೇಧ ಪಟ್ಟಿಯಲ್ಲಿದ್ದ ಫ್ರೀ ಫೈರ್ ಆಟ ಸಿಂಗಪುರದ ಕಂಪನಿಯದು. ಅದರಲ್ಲಿ ಟೆನ್ಸೆಂಟ್ ಷೇರುದಾರ. ಇನ್ನು 59ರ ಪಟ್ಟಿಯಲ್ಲಿ ಹೊರಹೋದ ಶೀನ್ 2025ರ ಫೆಬ್ರುವರಿಯಲ್ಲಿ ರಿಲಯನ್ಸ್ ಮಡಿಲಲ್ಲಿ ಕುಳಿತು ಮರಳಿ ಬಂತು. ದತ್ತಾಂಶ ಇಲ್ಲೇ ಇರುತ್ತದೆ, ಹೆಸರು ಮಾತ್ರ ಅವರದು ಎಂಬ ಏರ್ಪಾಡು. ಇದು ಒಳ್ಳೆಯ ಏರ್ಪಾಡೇ ಇರಬಹುದು. ಹಾಗಿದ್ದರೆ ಇಂಥದ್ದೇ ಷರತ್ತನ್ನು ಪೂರೈಸಿದರೆ ಬೇರೆ ಯಾರಿಗೂ ಬರಬಹುದೇ ಎಂಬ ಪ್ರಶ್ನೆಗೆ ಬರೆದಿಟ್ಟ ಉತ್ತರ ಎಲ್ಲೂ ಇಲ್ಲ. 2023ರ ಮೇನಲ್ಲಿ ತಡೆದ 14 ಸಂದೇಶ ಆ್ಯಪ್‌ಗಳಲ್ಲಿ ಬ್ರಯರ್ ಎಂಬುದೂ ಒಂದು. ಅದು ಮುಕ್ತ ತಂತ್ರಾಂಶ, ಅದಕ್ಕೆ ಚೀನಾದ ಒಡೆಯನಿರಲಿ, ಲಾಭ ಮಾಡುವ ಒಡೆಯನೇ ಇಲ್ಲ. ಅತ್ತ, 59 ಆ್ಯಪ್‌ಗಳನ್ನು ಅಳಿಸಿದ ನಮ್ಮಲ್ಲಿ ಎಷ್ಟೋ ಜನ ಅಳಿಸಿದ್ದು ಚೀನಾದ್ದೇ ಆದ ಶಓಮಿ, ಒಪ್ಪೊ, ವಿವೊ ಫೋನುಗಳ ಮೇಲೆ ಬೆರಳಾಡಿಸಿ.

ನಿಷೇಧದ ಫಸಲು ಯಾರ ಕಣಜ ಸೇರಿತು ಎಂಬುದನ್ನೂ ನೋಡಬೇಕು. ಆ ವಾರಗಳಲ್ಲಿ ಬೆಂಗಳೂರಿನಲ್ಲಿ ಹಬ್ಬದ ವಾತಾವರಣ. ಶೇರ್‌ಚಾಟ್‌ನವರ ಮೋಜ್, ಡೈಲಿಹಂಟ್‌ನವರ ಜೋಶ್, ಚಿಂಗಾರಿ, ಎಲ್ಲವೂ ಇಲ್ಲಿಯವೇ. ಮೊದಲು ಕನ್ನಡದಲ್ಲೇ ಆರಂಭವಾದ ಕೂ, ಟ್ವಿಟರ್‌ಗೆ ಎದುರಾಗಿ ನಿಂತು ಸಚಿವರಿಂದ ಭೇಷ್ ಅನ್ನಿಸಿಕೊಂಡಿತು. 2024ರ ಜುಲೈನಲ್ಲಿ ಬಾಗಿಲು ಹಾಕಿತು. ಟಿಕ್‌ಟಾಕ್‌ನಲ್ಲಿ ಹೊಲದ ಬದುವಿನ ಮೇಲೆ ನಿಂತು, ತಗಡಿನ ಮನೆಯ ಮುಂದೆ ಕುಳಿತು ಅತ್ತೆ–ಸೊಸೆ ಜಗಳವನ್ನು ಅಪ್ಪಟ ಉತ್ತರ ಕರ್ನಾಟಕದ ಮಾತಿನಲ್ಲಿ ಆಡಿ ತೋರಿಸುತ್ತಿದ್ದವರಲ್ಲಿ ಕೆಲವರು ರೀಲ್ಸ್‌ಗೂ ಯೂಟ್ಯೂಬ್ ಶಾರ್ಟ್ಸ್‌ಗೂ ಹೋಗಿ ಗಟ್ಟಿಯಾದರು, ಹಲವರು ಫೋನನ್ನು ಕಿಸೆಗಿಟ್ಟು ಹೊಲಕ್ಕೆ ಮರಳಿದರು. ಶಾರ್ಟ್ಸ್ ಜಗತ್ತಿನಲ್ಲೇ ಮೊದಲು ಬಂದದ್ದು ಭಾರತಕ್ಕೆ, 2020ರ ಸೆಪ್ಟೆಂಬರ್‌ನಲ್ಲಿ. ಖಾಲಿಯಾದ ಅಂಗಡಿಯನ್ನು ಹಿಡಿದವರು ಕ್ಯಾಲಿಫೋರ್ನಿಯಾದ ಇಬ್ಬರು: ರೀಲ್ಸ್‌ನ ಒಡೆಯ ಮೆಟಾ, ಶಾರ್ಟ್ಸ್‌ನ ಒಡೆಯ ಗೂಗಲ್. ನಮ್ಮ ದತ್ತಾಂಶ ಬೀಜಿಂಗ್‌ನ ಹತ್ತಿರದಿಂದ ಕ್ಯಾಲಿಫೋರ್ನಿಯಾಕ್ಕೆ ಸ್ಥಳಾಂತರವಾಯಿತು. ಯುದ್ಧದ ಭಯದ ದೃಷ್ಟಿಯಿಂದ ಅದು ದೊಡ್ಡ ವ್ಯತ್ಯಾಸವೇ ಇರಬಹುದು. ಮಾಹಿತಿಯ ಮೇಲಿನ ನಮ್ಮ ಹಿಡಿತದ ದೃಷ್ಟಿಯಿಂದ ಅಲ್ಲ.

ಎರಡನೆಯ ಪ್ರಶ್ನೆಯನ್ನು ಕೇಳಿದವರೂ ಇದ್ದಾರೆ. ಐರ್ಲೆಂಡ್‌ನ ದತ್ತಾಂಶ ಸಂರಕ್ಷಣಾ ಆಯೋಗ 2025ರ ಮೇನಲ್ಲಿ ಟಿಕ್‌ಟಾಕ್‌ಗೆ 53 ಕೋಟಿ ಯೂರೊ ದಂಡ ಹಾಕಿತು. ಯುರೋಪಿನವರ ಮಾಹಿತಿ ಚೀನಾದಿಂದ ಕೈಗೆಟುಕುವಂತಿದ್ದು, ಅದಕ್ಕೆ ತಕ್ಕ ರಕ್ಷಣೆ ಇರಲಿಲ್ಲ ಎಂಬುದು ಕಾರಣ. ವಿಚಾರಣೆಯ ಹೊತ್ತಿಗೆ, ಚೀನಾದ ಸರ್ವರ್‌ಗಳಲ್ಲಿ ಏನೂ ಇಲ್ಲ ಎನ್ನುತ್ತಿದ್ದ ಕಂಪನಿ, ಸ್ವಲ್ಪ ಇತ್ತು ಎಂದು ತಿದ್ದಿಕೊಳ್ಳಬೇಕಾಯಿತು. ಅದೇ ಆಯೋಗ ಎರಡು ವರ್ಷ ಮುಂಚೆ, ಅದೇ ಬಗೆಯ ತಪ್ಪಿಗೆ, ಮಾಹಿತಿಯನ್ನು ಅಮೆರಿಕಕ್ಕೆ ಸಾಗಿಸಿದ್ದಕ್ಕೆ, ಮೆಟಾ ಕಂಪನಿಗೆ 120 ಕೋಟಿ ಯೂರೊ ದಂಡ ಹಾಕಿತ್ತು. ಒಂದೇ ಅಳತೆಗೋಲು, ಚೀನಾದವನಿಗೂ ಅಮೆರಿಕದವನಿಗೂ.

ನಮ್ಮಲ್ಲೂ ಉದಾಹರಣೆ ಇಲ್ಲದಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳ ಇರುವುದು ಸಾಲದ ಆ್ಯಪ್‌ಗಳಲ್ಲಿ. ಲಾಕ್‌ಡೌನ್ ಕಾಲದಲ್ಲಿ ಅವು ಅಣಬೆಗಳಂತೆ ಎದ್ದವು. ರಿಸರ್ವ್ ಬ್ಯಾಂಕಿನ ಕಾರ್ಯತಂಡ 2021ರ ಆರಂಭದ ಎರಡು ತಿಂಗಳಲ್ಲಿ ಎಣಿಸಿದ ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600 ಅಕ್ರಮವಾಗಿದ್ದವು. ಅವುಗಳಲ್ಲಿ ಹಲವಕ್ಕೆ ಚೀನಾದ ನಂಟಿತ್ತು. ಮೂರು ಸಾವಿರ ರೂಪಾಯಿ ಸಾಲಕ್ಕೆ ಅರ್ಜಿ ಹಾಕಿದವನ ಫೋನಿನಲ್ಲಿ ಒಂದು ಪುಟ್ಟ ಚೌಕ ಮೂಡುತ್ತಿತ್ತು: ನಿಮ್ಮ ಸಂಪರ್ಕಗಳನ್ನು ನೋಡಲು ಅನುಮತಿ ಕೊಡುತ್ತೀರಾ? ಹಣದ ತುರ್ತಿನಲ್ಲಿದ್ದವನು ಕೊಡುತ್ತಿದ್ದ. ಅಷ್ಟಕ್ಕೆ ಅವನ ಹೆಂಡತಿ, ಮಾವ, ಮೇಲಧಿಕಾರಿ, ಹಾಲಿನವನು, ಮಗಳ ಶಾಲೆಯ ಶಿಕ್ಷಕಿ ಎಲ್ಲರ ಸಂಖ್ಯೆಯೂ ವಸೂಲಿಯವರ ಮೇಜಿಗೆ. ಏಳನೇ ದಿನ ಕಂತು ತಪ್ಪಿದರೆ ಕರೆಗಳು ಶುರು. ನಂತರ ತಿರುಚಿದ ಫೋಟೊಗಳು, ಅವನಿಗಲ್ಲ, ಅವರಿಗೆಲ್ಲ. ಜೀವ ಕಳೆದುಕೊಂಡವರಿದ್ದಾರೆ. ಟಿಕ್‌ಟಾಕ್‌ನ ದತ್ತಾಂಶದಿಂದ ಭಾರತೀಯನೊಬ್ಬನಿಗೆ ಆದ ಹಾನಿಯನ್ನು ಬೆರಳಿಟ್ಟು ತೋರಿಸುವುದು ಕಷ್ಟ. ಇಲ್ಲಿ ತೋರಿಸಬಹುದು, ಬೀದಿ ಬೀದಿಯಲ್ಲಿ.

ಇದಕ್ಕೂ ಸರ್ಕಾರ 69ಎ ಬಳಸಿತು. 2023ರ ಫೆಬ್ರುವರಿಯಲ್ಲಿ 138 ಬೆಟ್ಟಿಂಗ್ ಮತ್ತು 94 ಸಾಲದ ಆ್ಯಪ್‌ಗಳು ಹೋದವು. ಹೆಸರು ಬದಲಿಸಿ ಮರಳುವುದು ಅವುಗಳಿಗೆ ಅಂಗಡಿಯ ಬೋರ್ಡು ಬದಲಿಸಿದಷ್ಟೇ ಸಲೀಸು. ಆದರೆ ಅದಕ್ಕೂ ಮುಂಚೆ, 2022ರ ಸೆಪ್ಟೆಂಬರ್ 2ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದು ಸರಳ ನಿಯಮವಿತ್ತು. ಸಾಲ ಕೊಡುವ ಯಾವ ಆ್ಯಪ್ಪೂ ಫೋನಿನ ಸಂಪರ್ಕ ಪಟ್ಟಿ, ಕರೆಗಳ ವಿವರ, ಕಡತ, ಫೋಟೊಗಳನ್ನು ಮುಟ್ಟಬಾರದು. ಕ್ಯಾಮೆರಾ, ಮೈಕ್, ಸ್ಥಳ ಬೇಕಿದ್ದರೆ ಗುರುತು ಪರಿಶೀಲನೆಗೆ ಒಂದು ಸಲ ಮಾತ್ರ, ಅದೂ ಒಪ್ಪಿಗೆ ಪಡೆದು. ಗೂಗಲ್ 2023ರ ಮೇ ಕೊನೆಯಿಂದ ತನ್ನ ಮಳಿಗೆಯ ಸಾಲದ ಆ್ಯಪ್‌ಗಳಿಗೆ ಇಂಥದ್ದೇ ನಿಯಮ ತಂದಿತು. 2025ರ ಜುಲೈನಿಂದ, ತನ್ನ ನಿಯಂತ್ರಣದಲ್ಲಿರುವ ಸಂಸ್ಥೆಗಳು ಬಳಸುವ ಸಾಲದ ಆ್ಯಪ್‌ಗಳ ಪಟ್ಟಿಯೂ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ, ಯಾರು ಬೇಕಾದರೂ ನೋಡಬಹುದು. ಕಳ್ಳ ಆ್ಯಪ್‌ಗಳು ಇದರಿಂದ ನಿಂತವೆಂದಲ್ಲ. ಆದರೆ ಈ ನಿಯಮದಲ್ಲಿ ಚೀನಾ ಎಂಬ ಪದವೇ ಇಲ್ಲ. ಚೀನಾದವನು ಕೇಳಿದರೂ ತಪ್ಪು, ಚಿಕ್ಕಪೇಟೆಯವನು ಕೇಳಿದರೂ ತಪ್ಪು. 2025ರ ಜನವರಿಯಲ್ಲಿ ಹಣಕಾಸು ಸಚಿವಾಲಯ ತನ್ನ ಸಿಬ್ಬಂದಿಗೆ ಕೊಟ್ಟ ಸೂಚನೆಯೂ ಇದೇ ಧಾಟಿಯದು: ಕಚೇರಿಯ ಯಂತ್ರಗಳಲ್ಲಿ ಅಮೆರಿಕದ ಚಾಟ್‌ಜಿಪಿಟಿಯೂ ಬೇಡ, ಚೀನಾದ ಡೀಪ್‌ಸೀಕ್ ಕೂಡ ಬೇಡ.

ಎಲ್ಲ ಆ್ಯಪ್‌ಗಳಿಗೂ ಅನ್ವಯಿಸುವ ಇಂಥದ್ದೊಂದು ಚೌಕಟ್ಟು ಕಾಗದದ ಮೇಲೆ ಸಿದ್ಧವಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಆಯಿತು, ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಕಟ್ಟುಪಾಡುಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು. ಅಂದರೆ 2027ರ ಮೇ. ಯಾವ ದೇಶಕ್ಕೆ ಮಾಹಿತಿ ಹೋಗಬಾರದು ಎಂದು ಅಧಿಸೂಚಿಸುವ ಅಧಿಕಾರ ಅದರ ಸೆಕ್ಷನ್ 16ರಲ್ಲಿದೆ. ಇನ್ನು ಮುಂದೆ ಮಧ್ಯರಾತ್ರಿಯ ಪಟ್ಟಿಗಳಿಗಿಂತ ಅದನ್ನು ಬಳಸುವುದು ಮೇಲು. ಆದರೆ ಮುಂದಿನ ಸೆಕ್ಷನ್ ಸರ್ಕಾರದ ತನ್ನದೇ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಡಲು ದಾರಿ ಬಿಟ್ಟಿದೆ. ಅಳತೆಗೋಲು ಒಂದೇ ಇರಬೇಕೆಂಬ ಮಾತು ಅಲ್ಲಿ ತಡವರಿಸುತ್ತದೆ.

ಸುತ್ತೋಲೆ ಬಂದ ವಾರವೇ ನಮ್ಮತ್ತೆಗೆ ಹೊಸ ಫೋನು ಕೊಂಡೆವು. ಅವರು ಮೊದಲು ಹಾಕಿಸಿಕೊಂಡದ್ದು ಪಂಚಾಂಗದ ಆ್ಯಪ್. ತೆರೆಯುತ್ತಲೇ ಅದು ಸಂಪರ್ಕ ಪಟ್ಟಿ ಕೇಳಿತು, ಆಮೇಲೆ ಮೈಕ್. ರಾಹುಕಾಲ ತಿಳಿಸಲು ಮೈಕ್ ಏಕೆ ಎಂದು ನಾನು ಬೆರಳು ಹಿಂದೆಗೆದೆ.

“ಯಾಕೆ ನಿಲ್ಲಿಸಿದಿರಿ? ಚೀನಾದ್ದೇನು ಇದು?” ಎಂದು ಕೇಳಿದರು.

“ಅಲ್ಲ ಅತ್ತೆ, ನಮ್ಮ ಕಡೆಯವರದ್ದೇ.”

“ಮತ್ತೇನು?” ಎಂದು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡೂ ಸಲ ‘ಅನುಮತಿಸಿ’ ಒತ್ತಿದರು. ಅಂದು ಏಕಾದಶಿ ಎಂದು ಆ್ಯಪ್ ಹೇಳಿತು.